ಕೇರ್ ಆಫ್ 56 ಎಪಿಒ: ಸೇನಾ ಅಂಚೆ ಸೇವೆಯ ವಿಮರ್ಶೆ, ಫೀಲ್ಡಿನಲ್ಲಿರುವವರ ಮನೆಯವರಿಗಾಗಿ

ಗಡಿಯಲ್ಲಿರುವವರಿಗೆ ಮನೆಯಿಂದ ಏನನ್ನಾದರೂ ತಲುಪಿಸಬೇಕಾದರೆ ನೆಚ್ಚಬಹುದಾದ ವ್ಯವಸ್ಥೆ ಒಂದೇ, ಅದು ಸೇನಾ ಅಂಚೆ. ಖಾಸಗಿ ಕೊರಿಯರ್‌ನವರು ಎಪಿಒ (ಆರ್ಮಿ ಪೋಸ್ಟ್ ಆಫೀಸ್) ವಿಳಾಸಕ್ಕೆ ಹೋಗುವುದಿಲ್ಲ. ರಜೆ ಮುಗಿಸಿ ಮರಳುವ ಊರಿನ ಹುಡುಗನ ಕೈಯಲ್ಲಿ ಗಂಟು ಕೊಟ್ಟು ಕಳಿಸುವ ರೂಢಿ ಒಳ್ಳೆಯದೇ, ಆದರೆ ಯುದ್ಧದ ಹೊತ್ತಿನಲ್ಲಿ ರಜೆಗಳೇ ರದ್ದಾಗುತ್ತವೆ. ಫೋನು ವಾರಗಟ್ಟಲೆ ಮೂಕವಾಗುತ್ತದೆ. ಆಗಲೂ ನಡೆಯುವುದು ಡಾಕ್, ಅಂದರೆ ಅಂಚೆ. ನಿಧಾನವಾಗುತ್ತದೆ, ಸಾಲು ತಪ್ಪುತ್ತದೆ, ಆದರೂ ನಡೆಯುತ್ತದೆ. ಸೇವೆ ಗಟ್ಟಿಯಾದದ್ದು, ಅದು ಕೈಕೊಟ್ಟಿತು ಎಂದು ಬೈಯುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಆಗಿರುವುದು ನಮ್ಮ ಕಡೆಯ ಎರಡು ಮೆಟ್ಟಿಲುಗಳಲ್ಲಿ, ವಿಳಾಸ ಬರೆಯುವಾಗ ಮತ್ತು ಡಬ್ಬ ಕಟ್ಟುವಾಗ. ಹಾಗಂತ ಸೇವೆಯಲ್ಲಿ ಕೊರತೆ ಇಲ್ಲವೆಂದಲ್ಲ. ಅದಕ್ಕೂ ಬರೋಣ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿದಿರಬೇಕು. ಸೇನಾ ಅಂಚೆಗೆ ಪ್ರತ್ಯೇಕ ದಳದ ರೂಪ ಬಂದದ್ದು 1972ರ ಮಾರ್ಚ್ 1ರಂದು. ಅಂಚೆ ಇಲಾಖೆಯಿಂದಲೇ ನಿಯೋಜನೆಯ ಮೇಲೆ ಹೋದ ನೌಕರರು ಅಲ್ಲಿ ಸಮವಸ್ತ್ರ ತೊಟ್ಟು ದುಡಿಯುತ್ತಾರೆ. ನೀವು ಹಾವೇರಿಯಲ್ಲೋ ಮಡಿಕೇರಿಯಲ್ಲೋ ಪೋಸ್ಟ್ ಮಾಡಿದ ಲಕೋಟೆ ಸಾಮಾನ್ಯ ಅಂಚೆಯ ಚೀಲದಲ್ಲೇ ಹೊರಟು, 56 ಎಪಿಒ ಆಗಿದ್ದರೆ ದೆಹಲಿಯ ಕೇಂದ್ರ ನೆಲೆ ಅಂಚೆ ಕಚೇರಿಗೆ, 99 ಎಪಿಒ ಆಗಿದ್ದರೆ ಕೋಲ್ಕತ್ತದ ಕಚೇರಿಗೆ ಸೇರುತ್ತದೆ. ಈಶಾನ್ಯದ ಗಡಿಯ ಯೂನಿಟ್ಟುಗಳದ್ದು 99. ಪಶ್ಚಿಮ, ಉತ್ತರ ಮತ್ತು ಉಳಿದ ಕಡೆಯದ್ದು 56. ಈ ಕಚೇರಿಗಳನ್ನು ಒಂದು ಸಿಬಿಪಿಒ, ಎರಡು ಸಿಬಿಪಿಒ ಎನ್ನುತ್ತಾರೆ. ಯಾವ ಯೂನಿಟ್ಟು ಈಗ ಎಲ್ಲಿದೆ ಎಂಬ ಮಾಹಿತಿ ಇರುವುದು ಸೇನಾ ಅಂಚೆಯವರ ಬಳಿ ಮಾತ್ರ. ಅವರು ಯೂನಿಟ್ಟಿನ ಪಿನ್ ನೋಡಿ ವಿಂಗಡಿಸಿ, ಆ ಪ್ರದೇಶದ ಫೀಲ್ಡ್ ಪೋಸ್ಟ್ ಆಫೀಸಿಗೆ ವಿಮಾನದಲ್ಲೋ ಲಾರಿಯಲ್ಲೋ ರವಾನಿಸುತ್ತಾರೆ. ಅಲ್ಲಿಂದ ಯೂನಿಟ್ಟಿನ ಡಾಕ್ ಜವಾನ ಎತ್ತಿಕೊಂಡು ಹೋಗುತ್ತಾನೆ. ಅವನಿಂದ ಕಂಪನಿಗೆ, ಕಂಪನಿಯಿಂದ ಪಡಿತರ ಹೊತ್ತು ಹೋಗುವವರ ಜೊತೆ ಮುಂಚೂಣಿಯ ಪೋಸ್ಟಿಗೆ.

ಈ ಏರ್ಪಾಟಿನ ದೊಡ್ಡ ಗುಣ ಯುದ್ಧದ ಕಾಲದಲ್ಲೇ ಗೊತ್ತಾಗುವುದು. ಯೂನಿಟ್ಟು ರಾಜಸ್ಥಾನದಿಂದ ಕಾಶ್ಮೀರಕ್ಕೆ ಮೂವ್ ಆದರೂ ನೀವು ಬರೆಯುವ ವಿಳಾಸ ಬದಲಾಗುವುದಿಲ್ಲ. ದೆಹಲಿಯಲ್ಲಿ ಚೀಲ ಮಾತ್ರ ಬದಲಾಗುತ್ತದೆ. 2001ರ ಡಿಸೆಂಬರಿನಿಂದ 2002ರ ಅಕ್ಟೋಬರಿನವರೆಗೆ ಆಪರೇಷನ್ ಪರಾಕ್ರಮದಲ್ಲಿ ಸೇನೆ ಗಡಿಯುದ್ದಕ್ಕೂ ಸಜ್ಜಾಗಿ ನಿಂತಿತ್ತು. 1999ರ ಕಾರ್ಗಿಲ್ ಸಮಯದಲ್ಲಂತೂ ಜಮ್ಮು ಮತ್ತು ಕಾಶ್ಮೀರದಲ್ಲಿ ಮೊಬೈಲ್ ಸೇವೆಯೇ ಇರಲಿಲ್ಲ; ಅದು ಶುರುವಾದದ್ದು 2003ರಲ್ಲಿ. ಆಗೆಲ್ಲ ಮನೆಗಳು ನಡೆದದ್ದು ಇನ್‌ಲ್ಯಾಂಡ್ ಪತ್ರಗಳ ಮೇಲೆ. ಗಂಡ ಎಲ್ಲಿದ್ದಾನೆ ಎಂದು ಹೆಂಡತಿಗೆ ಗೊತ್ತಿಲ್ಲದೆಯೂ ಅವಳ ಪತ್ರ ಅವನಿಗೆ ಸಿಗುತ್ತದೆ. ಇಷ್ಟು ದೊಡ್ಡ ಅನುಕೂಲ ಬೇರಾವ ಸೇವೆಯಲ್ಲೂ ಇಲ್ಲ.

ವಿಳಾಸ ಹೀಗಿರಬೇಕು:

ಸೈನಿಕ ಸಂಖ್ಯೆ, ರ‍್ಯಾಂಕ್, ಪೂರ್ಣ ಹೆಸರು
ಕಂಪನಿ, ಬ್ಯಾಟರಿ ಅಥವಾ ಸ್ಕ್ವಾಡ್ರನ್
ಯೂನಿಟ್ಟಿನ ಹೆಸರು
ಪಿನ್ (9ರಿಂದ ಶುರುವಾಗುವ ಆರು ಅಂಕಿ)
ಕೇರ್ ಆಫ್ 56 ಎಪಿಒ (ಅಥವಾ 99 ಎಪಿಒ)

ಇಷ್ಟೇ. ಲೇಹ್, ಕುಪ್ವಾರಾ, ತವಾಂಗ್ ಎಂದು ಊರಿನ ಹೆಸರು ಸೇರಿಸಲೇಬಾರದು. ಯೂನಿಟ್ಟಿನ ಹೆಸರೂ ಜಾಗದ ಹೆಸರೂ ಒಂದೇ ಲಕೋಟೆಯ ಮೇಲೆ ಕೂಡಿದರೆ ಅದು ದಾರಿಯುದ್ದಕ್ಕೂ ಎಲ್ಲರಿಗೂ ಕಾಣುವ ಮಾಹಿತಿ. ಊರಿನ ಹೆಸರು ನೋಡಿದ ನಾಗರಿಕ ಅಂಚೆಯ ವಿಂಗಡಣೆಯವರು ಅದನ್ನು ನೇರ ಆ ಊರಿನ ಚೀಲಕ್ಕೆ ಹಾಕಿಬಿಡುವ ಅಪಾಯವೂ ಇದೆ. ಅಲ್ಲಿನ ಪೋಸ್ಟ್‌ಮನ್‌ಗೆ ಯೂನಿಟ್ಟು ಎಲ್ಲಿದೆ ಎಂದು ತಿಳಿಯದು, ಪಾರ್ಸೆಲ್ ವಾಪಸ್.

ಕನ್ನಡದಲ್ಲಿ ಮಾತ್ರ ವಿಳಾಸ ಬರೆಯಬೇಡಿ. ಒಳಗಿನ ಪತ್ರ ಕನ್ನಡದಲ್ಲೇ ಇರಲಿ, ಹೊರಗಿನದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಅಥವಾ ಹಿಂದಿಯಲ್ಲಿರಲಿ. ಸೈನಿಕ ಸಂಖ್ಯೆ ಬಿಟ್ಟರೆ ಒಂದೇ ಬೆಟಾಲಿಯನ್‌ನಲ್ಲಿರುವ ನಾಲ್ವರು ಮಂಜುನಾಥರಲ್ಲಿ ನಿಮ್ಮವನು ಯಾರೆಂದು ಹುಡುಕುವ ಪಾಡು ಡಾಕ್ ಜವಾನನದು. ಬೆಂಗಳೂರಿನ ಪಿನ್‌ಗಳೂ 56ರಿಂದಲೇ ಶುರುವಾಗುವುದರಿಂದ ಕೌಂಟರಿನ ಗಡಿಬಿಡಿಯಲ್ಲಿ ಎಡವಟ್ಟಾಗಲು ದಾರಿ ಇದೆ. ರಸೀದಿ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮುನ್ನ, ಅದರಲ್ಲಿ ಮುದ್ರಿತವಾದ ಪಿನ್ 9ರಿಂದ ಶುರುವಾಗಿದೆಯೇ ನೋಡಿ. ಅಂಚೆ ಚೀಲ ನಿಮ್ಮ ಬರಹಕ್ಕಿಂತ ಮೊದಲು ಕಂಪ್ಯೂಟರಿಗೆ ಹೊಡೆದ ಪಿನ್ನನ್ನೇ ಹಿಂಬಾಲಿಸುತ್ತದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಅರ್ಧ ನಿಮಿಷ ಇದು.

ಕೌಂಟರಿನಲ್ಲೇ ಈ ಸೇವೆಯ ಮೊದಲ ಕೊರತೆ ಎದುರಾಗುತ್ತದೆ. ಚಿಕ್ಕ ಊರಿನ ಅಂಚೆ ಕಚೇರಿಗಳಲ್ಲಿ 'ಜಿಲ್ಲೆ ಹೇಳಿ, ರಾಜ್ಯ ಹೇಳಿ' ಎಂದು ಪಟ್ಟು ಹಿಡಿಯುವವರಿದ್ದಾರೆ. ಸೈನಿಕರ ಮನೆಗಳು ತುಂಬಿರುವ ಕೊಡಗು, ಬೆಳಗಾವಿಯಂಥ ಕಡೆ ಇದು ಅಭ್ಯಾಸದ ಕೆಲಸ, ಬೇರೆಡೆ ಹಾಗಲ್ಲ. ಮನೆಯ ಮಗ ಯುದ್ಧದಲ್ಲಿರುವಾಗ ತಾಯಿಯೊಬ್ಬಳು ಕೌಂಟರಿನಲ್ಲಿ ನಿಂತು ವಿಳಾಸದ ನಿಯಮವನ್ನು ವಿವರಿಸಬೇಕಾಗಿ ಬರುವುದು ಸರಿಯಲ್ಲ, ಇದನ್ನು ಇಲಾಖೆ ತಿದ್ದಿಕೊಳ್ಳಬೇಕು. ಸದ್ಯಕ್ಕೆ ಮಾಡಬಹುದಾದದ್ದು: 'ಸೇನಾ ಅಂಚೆ ಪಿನ್, ಅದನ್ನಷ್ಟೇ ಹಾಕಿ' ಎಂದು ಮೃದುವಾಗಿ, ಆದರೆ ಬಿಡದೆ ಹೇಳುವುದು. ಒಪ್ಪದಿದ್ದರೆ ತಾಲ್ಲೂಕು ಕೇಂದ್ರದ ಅಥವಾ ಪ್ರಧಾನ ಅಂಚೆ ಕಚೇರಿಗೆ ಹೋಗಿ.

ಯಾವ ದರ್ಜೆಯಲ್ಲಿ ಕಳಿಸಬೇಕು? ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನಗೊಳಿಸಲಾಗಿದೆ, ಆದ್ದರಿಂದ ದಾಖಲೆ ಉಳಿಯಬೇಕಾದ ಯಾವುದಕ್ಕೂ ಈಗ ಸ್ಪೀಡ್ ಪೋಸ್ಟೇ. ಒಟಿಪಿ ತೋರಿಸಿ ಪಡೆಯುವ ಆಯ್ಕೆ ಕೇಳಿದರೆ ಬೇಡ ಎನ್ನಿ. ಫೋನೇ ಇಲ್ಲದ ಪೋಸ್ಟಿನಲ್ಲಿ ಒಟಿಪಿ ಯಾರಿಗೆ ಬರಬೇಕು? ಮಾತಿನ ಪತ್ರಕ್ಕೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಸಾಕು. ಹಗುರ, ಡಾಕ್ ಜವಾನನ ಜೇಬಿನಲ್ಲೂ ಹೋಗುತ್ತದೆ. ಅದರೊಳಗೆ ಫೋಟೊ, ಕುಂಕುಮ, ಹೂವಿನ ಎಸಳು ಯಾವುದನ್ನೂ ಇಡುವಂತಿಲ್ಲ. ಇಡಬೇಕೆಂದರೆ ಲಕೋಟೆ ಬಳಸಿ.

ಎರಡನೇ ಕೊರತೆ ಟ್ರ್ಯಾಕಿಂಗ್. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ 'ಐಎನ್' ಇರುವ ಸಂಖ್ಯೆ ಹಾಕಿ ನೋಡಿದರೆ ಪಾರ್ಸೆಲ್ಲು ಸಿಬಿಪಿಒ ಮುಟ್ಟುವವರೆಗೆ ಚೆನ್ನಾಗಿ ಕಾಣುತ್ತದೆ, ಆಮೇಲೆ ಸುದ್ದಿಯೇ ನಿಂತುಬಿಡುತ್ತದೆ. ಹತ್ತು ದಿನ ಅದೇ ಸಾಲು. ಹೊಸಬರು ಇಲ್ಲೇ ಕಂಗಾಲಾಗುವುದು. ಇದನ್ನು ಸೇವೆಯ ದೋಷವೆಂದು ಎಣಿಸಲಾಗದು. ಫೀಲ್ಡ್ ಪೋಸ್ಟ್ ಆಫೀಸಿನವರೆಗಿನ ಪ್ರತಿ ಹೆಜ್ಜೆಯೂ ಜಾಲತಾಣದಲ್ಲಿ ಕಾಣುವಂತಿದ್ದರೆ ಯೂನಿಟ್ಟಿನ ಓಡಾಟವೂ ಕಂಡಂತೆಯೇ. ಆದರೆ ಮನೆಯವರಿಗೆ ಅಲ್ಲಿ ಒಂದು ಸಾಲಿನ ವಿವರಣೆಯಾದರೂ ಸಿಗಬೇಕಿತ್ತು, 'ಇದು ಸೇನಾ ಅಂಚೆಯ ವಶದಲ್ಲಿದೆ, ಮುಂದಿನ ಮಾಹಿತಿ ಇಲ್ಲಿ ಬರುವುದಿಲ್ಲ' ಎಂದು. ಅಷ್ಟು ಹೇಳಿದರೆ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಬರುತ್ತದೆ. ಟ್ರ್ಯಾಕಿಂಗ್ ನಿಂತದ್ದಕ್ಕೂ ಆ ಮನುಷ್ಯನ ಕ್ಷೇಮಕ್ಕೂ ಯಾವ ಸಂಬಂಧವೂ ಇಲ್ಲ. ಇದನ್ನು ಮನೆಯ ಹಿರಿಯರಿಗೆ ಮೊದಲೇ ಬಿಡಿಸಿ ಹೇಳಿಡಿ.

ಇನ್ನು ಪಾರ್ಸೆಲ್. ಇಲ್ಲಿ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಾಳಾಗುವುದೆಲ್ಲ ಇಲ್ಲೇ.

ತೂಕ ಐದು ಕಿಲೋ ಮೀರದಿರಲಿ. ಸ್ಪೀಡ್ ಪೋಸ್ಟ್ 35 ಕಿಲೋವರೆಗೂ ತೆಗೆದುಕೊಳ್ಳುತ್ತದೆ ನಿಜ, ಆದರೆ ಕೊನೆಯ ದಾರಿಯನ್ನು ಅದು ಯಾರದೋ ಬೆನ್ನ ಮೇಲೋ ಹೇಸರಗತ್ತೆಯ ಮೇಲೋ ಏರಬೇಕು. ಐದು ಕಿಲೋದ ಒಂದು ಡಬ್ಬಕ್ಕಿಂತ ಎರಡೂವರೆ ಕಿಲೋದ ಎರಡು ಡಬ್ಬ ಬೇಗ ಮೇಲೆ ಹೋಗುತ್ತವೆ. ಒಂದು ತಡವಾದರೂ ಇನ್ನೊಂದು ಸಿಕ್ಕಿರುತ್ತದೆ.

ಐದು ಪದರದ ರಟ್ಟಿನ ಪೆಟ್ಟಿಗೆ ಬಳಸಿ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹರಡಿ, ಸಾಮಾನೆಲ್ಲ ಅದರೊಳಗಿಟ್ಟು ಬಾಯಿ ಕಟ್ಟಿ. ಮಳೆಗಾಲದಲ್ಲಿ ಪಾರ್ಸೆಲ್ ಒದ್ದೆಯಾಗುವುದು ಹಿಮದಲ್ಲಿ ಮಾತ್ರವಲ್ಲ, ನಮ್ಮ ಮಲೆನಾಡಿನ ಬಸ್ ನಿಲ್ದಾಣದಲ್ಲೇ. ಮೂಲೆಗಳಿಗೆ ಹಳೆಯ ಬಟ್ಟೆ ತುರುಕಿ ಅಲುಗಾಡದಂತೆ ಮಾಡಿ. ಅಲುಗಿದರೆ ಸದ್ದು ಬರಬಾರದು, ಅದೇ ಪರೀಕ್ಷೆ. ಮೇಲೆ ಬಿಳಿ ಬಟ್ಟೆ ಹೊಲಿಯುವ ಹಳೆಯ ಪದ್ಧತಿ ಈಗಲೂ ಒಳ್ಳೆಯದು, ರಟ್ಟು ಒಡೆದರೂ ಸಾಮಾನು ಚೆಲ್ಲುವುದಿಲ್ಲ. ವಿಳಾಸವನ್ನು ಅಳಿಯದ ಮಾರ್ಕರಿನಲ್ಲಿ ಎರಡು ಬದಿಗೆ ಬರೆಯಿರಿ. ಅದೇ ವಿಳಾಸವನ್ನೂ ನಿಮ್ಮದನ್ನೂ ಒಂದು ಚೀಟಿಯಲ್ಲಿ ಬರೆದು ಒಳಗೂ ಇಡಿ. ಹೊರಗಿನ ಚೀಟಿ ಕಿತ್ತುಹೋದಾಗ ಡಬ್ಬವನ್ನು ಉಳಿಸುವುದು ಒಳಗಿನ ಚೀಟಿ.

ಎತ್ತರದ ಲೆಕ್ಕ ಹಲವರಿಗೆ ಹೊಳೆಯುವುದಿಲ್ಲ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ನೀವು ಗಾಳಿ ಸಮೇತ ಸೀಲ್ ಮಾಡಿದ ಚಟ್ನಿಪುಡಿಯ ಪೊಟ್ಟಣ ಅಲ್ಲಿ ಬಲೂನಿನಂತೆ ಉಬ್ಬಿ ಹೊಲಿಗೆ ಬಿಡುತ್ತದೆ, ಪುಡಿಯೆಲ್ಲ ಸ್ವೆಟರಿನೊಳಗೆ. ಪೊಟ್ಟಣವನ್ನು ಮುಕ್ಕಾಲು ಮಾತ್ರ ತುಂಬಿ, ಅಂಗೈಯಲ್ಲಿ ಒತ್ತಿ ಗಾಳಿ ಪೂರ್ತಿ ಹೊರಹಾಕಿ ಸೀಲ್ ಮಾಡಿ, ಅದನ್ನು ಇನ್ನೊಂದು ಜಿಪ್ ಚೀಲಕ್ಕೆ ಹಾಕಿ. ಎಣ್ಣೆ ತೇಲುವ ಮಾವಿನಕಾಯಿ ಉಪ್ಪಿನಕಾಯಿಗೂ ಇದೇ ಪಾಡು. ಜಾಡಿಯಲ್ಲಿ ಉಳಿದ ಗಾಳಿ ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಯಿಂದ ಹೊರದಬ್ಬುತ್ತದೆ. ಗಾಜಿನ ಜಾಡಿ ಬೇಡವೇ ಬೇಡ. ಉಪ್ಪಿನಕಾಯಿ ಕಳಿಸಲೇಬೇಕೆಂದರೆ ಎಣ್ಣೆ ಬಸಿದ ಹೋಳುಗಳನ್ನು ಗಾಳಿ ತೆಗೆದ ಎರಡು ಪದರದ ಚೀಲದಲ್ಲಿ ಕಳಿಸಿ. ಕೊಡಗಿನ ಕಾಚಂಪುಳಿಯೂ ಹಾಗೆಯೇ: ಚಿಕ್ಕ ಪ್ಲಾಸ್ಟಿಕ್ ಸೀಸೆ, ಬಾಯಿಗೆ ಟೇಪು, ಮೇಲೊಂದು ಚೀಲ. ಇಲ್ಲದಿದ್ದರೆ ಬೇಡ.

ಚೆನ್ನಾಗಿ ಪ್ರಯಾಣ ಮಾಡುವವು: ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಹುರಿದ ಸಾಂಬಾರ್ ಪುಡಿ, ಕರದಂಟು, ಹುರಿದ ಅವಲಕ್ಕಿ, ಜೋಳದ ಕಡಕ್ ರೊಟ್ಟಿ. ರೊಟ್ಟಿಯನ್ನು ಕಾದ ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ತೇವ ಪೂರ್ತಿ ಆರಿಸಿ, ತಣ್ಣಗಾದ ಮೇಲೆ ಇಪ್ಪತ್ತರ ಗಟ್ಟಿ ಕಟ್ಟಿ, ಅಗಲದ ಸ್ಟೀಲ್ ಡಬ್ಬದಲ್ಲಿ ಮಲಗಿಸಿ, ಮೇಲಿನ ಖಾಲಿ ಜಾಗಕ್ಕೆ ಬಟ್ಟೆ ತುಂಬಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಬೂಸಲು ಖಂಡಿತ. ಬೆಳಗಾವಿಯ ಕುಂದಾ, ಧಾರವಾಡ ಪೇಡ, ಹೋಳಿಗೆ ಇವು ಹಾಲು, ತೇವ ಇರುವಂಥವು, ಎಷ್ಟೇ ಆಸೆಯಾದರೂ ಅಂಚೆಗೆ ಹಾಕಬೇಡಿ. ಚಟ್ನಿಪುಡಿಗೆ ಒಣಕೊಬ್ಬರಿ ಹಾಕಿದರೆ ಬೇಗ ಕಮಟುತ್ತದೆ, ಅದರ ಬದಲು ಹುರಿಗಡಲೆ ಹೆಚ್ಚಿಸಿ. ಈಶಾನ್ಯದ 99 ಎಪಿಒಗೆ ಕಳಿಸುವಾಗ ತೇವವೇ ಶತ್ರು. ಹಪ್ಪಳ, ಅವಲಕ್ಕಿ ಮೆತ್ತಗಾಗುತ್ತವೆ, ಬೆಲ್ಲ ನೀರಾಡುತ್ತದೆ. ಪ್ರತಿ ಚೀಲದ ಜೊತೆ, ತಿನಿಸಿಗೆ ತಾಗದಂತೆ, ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ.

ಸ್ಪೀಡ್ ಪೋಸ್ಟ್ ವಿಮಾನವೇರುತ್ತದೆ, ಹಾಗಾಗಿ ವಿಮಾನದ ನಿಯಮಗಳು ಅನ್ವಯಿಸುತ್ತವೆ. ದೇವಸ್ಥಾನದ ಪ್ರಸಾದದ ಜೊತೆ ಕರ್ಪೂರ, ಬೆಂಕಿಪೊಟ್ಟಣ ಇಡುವವರು ಬಹಳ. ಎರಡೂ ಬೇಗ ಹೊತ್ತಿಕೊಳ್ಳುವ ವಸ್ತುಗಳು, ಎಕ್ಸ್‌ರೇಯಲ್ಲಿ ಸಿಕ್ಕರೆ ಇಡೀ ಪಾರ್ಸೆಲ್ ನಿಲ್ಲುತ್ತದೆ. ಒಣಕೊಬ್ಬರಿಯ ಗಿಟುಕೂ ಅಷ್ಟೇ. ಅದು ತನ್ನಷ್ಟಕ್ಕೇ ಬಿಸಿಯೇರುವ ಗುಣದಿಂದಾಗಿ ವಿಮಾನ ಸಾಗಣೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ, ನಮ್ಮ ಮನೆಗಳಲ್ಲಿ ಇದು ಬಹುಪಾಲು ಯಾರಿಗೂ ಗೊತ್ತಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಕೊಬ್ಬರಿ ಬಿಟ್ಟು ಕಳಿಸಿ. ಪವರ್ ಬ್ಯಾಂಕ್, ಲೈಟರ್, ಸುಗಂಧದ ಸ್ಪ್ರೇ ಬೇಡ. ಮಾತ್ರೆ, ಕಷಾಯವೂ ಬೇಡ. ಯೂನಿಟ್ಟಿನಲ್ಲಿ ವೈದ್ಯಾಧಿಕಾರಿ ಇರುತ್ತಾರೆ, ಮತ್ತು ಮಾತ್ರೆಯ ಪೊಟ್ಟಣ ತಪಾಸಣೆಯಲ್ಲಿ ಪ್ರಶ್ನೆ ಎಬ್ಬಿಸುತ್ತದೆ.

ಹಬ್ಬದ ಡಬ್ಬಕ್ಕೆ ಹಬ್ಬದ ದಿನಾಂಕ ನೋಡಿ ಹೊರಡಬೇಡಿ, ದಾರಿಯ ಸ್ಥಿತಿ ನೋಡಿ. ಚಳಿಗಾಲದಲ್ಲಿ ಹಿಮ ಬಿದ್ದು ಜೋಜಿಲಾ ಕಣಿವೆ ಮುಚ್ಚಿದರೆ ಶ್ರೀನಗರದಿಂದ ಲೇಹ್‌ಗೆ ರಸ್ತೆ ಇಲ್ಲ, ಎಲ್ಲವೂ ವಿಮಾನದಲ್ಲೇ ಹೋಗಬೇಕು, ಮತ್ತು ವಿಮಾನದಲ್ಲಿ ಡಾಕ್‌ಗಿಂತ ಮೊದಲ ಸ್ಥಾನ ಬೇರೆ ಸಾಮಗ್ರಿಗೆ. ಸಂಕ್ರಾಂತಿಯ ಡಬ್ಬ ನವೆಂಬರಿನಲ್ಲೇ ಹೊರಟರೆ ನೆಮ್ಮದಿ. ಯುದ್ಧದ ಕಾಲಕ್ಕೂ ಇದೇ ಎಣಿಕೆ: ಮದ್ದುಗುಂಡು ಮೊದಲು, ಪಡಿತರ ಆಮೇಲೆ, ಪಾರ್ಸೆಲ್ ಕೊನೆಗೆ. ಕಾಗದದ ಪತ್ರ ಮಾತ್ರ ಹಗುರವಾದ್ದರಿಂದ ಹೇಗೋ ನುಸುಳಿ ಹೋಗುತ್ತದೆ. ಅದಕ್ಕೇ ಪಾರ್ಸೆಲ್ಲಿನೊಳಗೆ ಪತ್ರ ಇಡಬೇಡಿ, ಬೇರೆಯಾಗಿ ಪೋಸ್ಟ್ ಮಾಡಿ.

ಪತ್ರಗಳು ಹಾಕಿದ ಕ್ರಮದಲ್ಲಿ ಸಿಗುವುದಿಲ್ಲ. ಮೂರನೆಯದು ಮೊದಲು ಬಂದು, ಅದರಲ್ಲಿ 'ಅಪ್ಪನಿಗೆ ಈಗ ಪರವಾಗಿಲ್ಲ' ಎಂದಿದ್ದರೆ ಓದಿದವನ ಎದೆ ಒಡೆಯುತ್ತದೆ, ಏನಾಗಿತ್ತೆಂದು ತಿಳಿಸಿದ ಪತ್ರ ಇನ್ನೂ ದೆಹಲಿಯಲ್ಲಿದೆ. ಆದ್ದರಿಂದ ಪ್ರತಿ ಪತ್ರದ ನೆತ್ತಿಯ ಮೇಲೆ ಕ್ರಮಸಂಖ್ಯೆ, ದಿನಾಂಕ ಹಾಕಿ, ಹಿಂದಿನದನ್ನು ಓದದಿದ್ದರೂ ಅರ್ಥವಾಗುವಂತೆ ಬರೆಯಿರಿ. ಫೋನಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಮನೆಯ ತೀರ್ಮಾನಗಳನ್ನು ಪತ್ರದ ಕೊನೆಗೆ ಅಂಕಿ ಹಾಕಿ, ಹೌದು ಅಥವಾ ಬೇಡ ಎಂದು ಉತ್ತರಿಸಬಹುದಾದ ಪ್ರಶ್ನೆಗಳಾಗಿ ಬರೆಯಿರಿ: ಒಂದು, ಹೊಲವನ್ನು ಈ ವರ್ಷ ಕೋರಿಗೆ ಕೊಡಲೇ? ಎರಡು, ಮಗಳನ್ನು ಕೇಂದ್ರೀಯ ವಿದ್ಯಾಲಯಕ್ಕೆ ಸೇರಿಸಲೇ? ಮುಂದೊಂದು ದಿನ ಎರಡು ನಿಮಿಷದ ಫೋನು ಸಿಕ್ಕಾಗ 'ಏಳನೇ ಪತ್ರ, ಒಂದು ಹೌದು, ಎರಡು ಬೇಡ' ಎಂದರೆ ಕೆಲಸ ಮುಗಿಯಿತು, ಉಳಿದ ಒಂದೂಮುಕ್ಕಾಲು ನಿಮಿಷ ಮಕ್ಕಳಿಗೆ.

ಬಾಲ್ ಪೆನ್ನಿನಲ್ಲೇ ಬರೆಯಿರಿ. ಮಸಿ ಪೆನ್ನಿನ ಅಕ್ಷರ ತೇವಕ್ಕೆ ಹರಡುತ್ತದೆ. ಫೋಟೊಗಳನ್ನು ಎದುರುಬದುರು ಅಂಟದಂತೆ ನಡುವೆ ಕಾಗದ ಇಟ್ಟು ಕಳಿಸಿ. ಮಕ್ಕಳ ಚಿತ್ರ ಧಾರಾಳವಾಗಿ ಕಳಿಸಿ, ಬಂಕರಿನ ಗೋಡೆಗೆ ಅದಕ್ಕಿಂತ ಬೇರೇನೂ ಬೇಕಿಲ್ಲ. ಪ್ರತಿ ಪಾರ್ಸೆಲ್ಲಿನಲ್ಲಿ ನಿಮ್ಮ ವಿಳಾಸ ಬರೆದ ನಾಲ್ಕು ಖಾಲಿ ಇನ್‌ಲ್ಯಾಂಡ್, ಎರಡು ಬಾಲ್ ಪೆನ್ನು ಇರಲಿ. ಆಸ್ತಿಪತ್ರ, ಅಂಕಪಟ್ಟಿಗಳ ಮೂಲಪ್ರತಿ ಮಾತ್ರ ಎಂದೂ ಬೇಡ, ಸಹಿ ಬೇಕಾದ ಹಾಳೆಯನ್ನಷ್ಟೇ ಕಳಿಸಿ.

ಬರೆಯಬಾರದ್ದೂ ಇದೆ. ಯೂನಿಟ್ಟು ಎಲ್ಲಿದೆ, ಎತ್ತ ಹೊರಟಿದೆ, ಪಕ್ಕದ ಮನೆಯವನ ಪಲ್ಟನ್ ಯಾವ ಕಡೆ ಹೋಯಿತು ಎಂಬ ಮಾತು ಪತ್ರದಲ್ಲಿ ಬೇಡ. ಯುದ್ಧಕಾಲದಲ್ಲಿ ಪತ್ರ ತೆರೆದು ಪರಿಶೀಲಿಸಬಹುದು ಎಂಬ ಅರಿವಿನಲ್ಲೇ ಬರೆಯಿರಿ. 'ಇವತ್ತು ನಮ್ಮವರಿಗೆ ಕಳಿಸಿದ್ದು' ಎಂದು ಪಾರ್ಸೆಲ್ಲಿನ ಚಿತ್ರವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದಂತೂ ಕೂಡದು, ಹೆಸರು, ಸಂಖ್ಯೆ, ಯೂನಿಟ್ಟು ಎಲ್ಲವೂ ಅದರಲ್ಲಿರುತ್ತದೆ.

ತುರ್ತು ಸುದ್ದಿಗೆ ಈ ಸೇವೆಯನ್ನು ನಂಬಬೇಡಿ. ಟೆಲಿಗ್ರಾಂ 2013ರ ಜುಲೈನಲ್ಲೇ ನಿಂತಿದೆ. ಮನೆಯಲ್ಲಿ ಸಾವು, ಶಸ್ತ್ರಚಿಕಿತ್ಸೆ ಇಂಥದ್ದಕ್ಕೆ ರೆಜಿಮೆಂಟಿನ ರೆಕಾರ್ಡ್ ಆಫೀಸು, ಯೂನಿಟ್ಟಿನ ಹಿಂಬದಿ ನೆಲೆ, ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ, ಈ ಮೂರರ ದೂರವಾಣಿ ಸಂಖ್ಯೆಗಳು ಅವನ ಸೈನಿಕ ಸಂಖ್ಯೆಯ ಜೊತೆಗೇ ಅಡುಗೆಮನೆಯ ಗೋಡೆಯ ಮೇಲೆ ಇರಲಿ. ಹೆಂಡತಿಗೆ ಗೊತ್ತಿದ್ದರೆ ಸಾಲದು, ಅತ್ತೆಗೂ ದೊಡ್ಡ ಮಗನಿಗೂ ಗೊತ್ತಿರಬೇಕು.

ಪಾರ್ಸೆಲ್ ಬಾರದೆ ತಿಂಗಳು ದಾಟಿದರೆ ಮೊದಲು ರಸೀದಿಯ ಪಿನ್ ಮತ್ತೆ ನೋಡಿ, ಬಳಿಕ ಅಂಚೆ ಇಲಾಖೆಯ ಉಚಿತ ಸಂಖ್ಯೆ 1800 266 6868ಕ್ಕೆ ದೂರು ಕೊಡಿ. ದೂರಿನಲ್ಲಿ ಸಿಬಿಪಿಒಗೆ ತಲುಪಿದ ದಿನಾಂಕವನ್ನು ಹೇಳಿದರೆ ಹೊಣೆ ಯಾರ ಕಡೆಗಿದೆ ಎಂದು ಬೇಗ ತೀರ್ಮಾನವಾಗುತ್ತದೆ. ಅದು ದೆಹಲಿ ಮುಟ್ಟಿಯೇ ಇಲ್ಲವಾದರೆ ನಾಗರಿಕ ಅಂಚೆ ಹುಡುಕಬೇಕು. ಮುಟ್ಟಿದ್ದರೆ ಯೂನಿಟ್ಟಿನ ಡಾಕ್ ಜವಾನನಲ್ಲಿ ವಿಚಾರಿಸುವಂತೆ ಮುಂದಿನ ಪತ್ರದಲ್ಲಿ ನಿಮ್ಮವನಿಗೇ ಬರೆಯಿರಿ, ರಸೀದಿ ಸಂಖ್ಯೆ ಸಮೇತ. ಅವನು ಆಸ್ಪತ್ರೆಯಲ್ಲೋ, ಕೋರ್ಸಿಗೋ, ಬೇರೆ ಪೋಸ್ಟಿಂಗಿಗೋ ಹೋಗಿದ್ದರೆ ಡಾಕ್ ಅವನ ಹಿಂದೆಯೇ ಸುತ್ತಿ ಹೋಗುತ್ತದೆ, ಅದಕ್ಕೆ ಇನ್ನಷ್ಟು ವಾರ ಹಿಡಿಯಬಹುದು. ಹೊಸ ಪಿನ್ ಗೊತ್ತಾದ ದಿನವೇ ಹಳೆಯದನ್ನು ಗೋಡೆಯ ಚೀಟಿಯಿಂದ ಹೊಡೆದುಹಾಕಿ.